ಬಣ್ಣಕ್ಕೂ ಒಂದು ನೇಮ ಬೇಡವೇ?

ನಮ್ಮ ಕಾಲೇಜಿನಲ್ಲಿ ಇತ್ತೀಚೆಗೆ ಆಲೇಖಗಳ ಸುಗ್ಗಿ ನಡೆದಿದೆ. ಅರ್ಥಶಾಸ್ತ್ರದವರ ಪ್ರಬಂಧವಿರಲಿ, ಭೂಗೋಳದವರ ಕ್ಷೇತ್ರಾಧ್ಯಯನವಿರಲಿ, ಸಮಾಜಶಾಸ್ತ್ರದವರ ಮನೆಮನೆಯ ಸಮೀಕ್ಷೆಯಿರಲಿ, ನಾಲ್ಕಾರು ಸ್ತಂಭಾಲೇಖಗಳೂ ಒಂದೆರಡು ವೃತ್ತಾಲೇಖಗಳೂ ಇಲ್ಲದೆ ಯಾವ ವರದಿಯೂ ಗುರುಗಳ ಮೇಜನ್ನು ಮುಟ್ಟುವದಿಲ್ಲ. ಹಿಂದಿನವರು ಗೆರೆಹಾಕಿದ ಹಾಳೆಯ ಮೇಲೆ ಸೀಸದಕಡ್ಡಿ ಹಿಡಿದು ಗಂಟೆಗಟ್ಟಲೆ ಕುಳಿತು ತೆಗೆಯುತ್ತಿದ್ದ ಚಿತ್ರವನ್ನು ಗಣಕಯಂತ್ರವು ಈಗ ರೆಪ್ಪೆ ಬಡಿಯುವಷ್ಟರಲ್ಲಿ ತೆಗೆದುಕೊಡುತ್ತದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಚಿತ್ರಗಳನ್ನೆಲ್ಲ ಒಂದೆಡೆ ಹರವಿ ನೋಡಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಈ ಕಂಬಕ್ಕೆ ಕೆಂಪು, ಆ ಕಂಬಕ್ಕೆ ಹಸಿರು, ಮೂರನೆಯದಕ್ಕೆ ಕಿತ್ತಳೆ ಯಾಕೆ? ಕೇಳಿದರೆ ಬರುವ ಉತ್ತರ ಎರಡೇ. "ಯಂತ್ರನ ಹಾಕೇತಿ" ಎಂಬುದೊಂದು. "ಚೆಂದ ಕಾಣತೈತಿ ಅಂತ ಹಾಕೇನಿ" ಎಂಬುದು ಇನ್ನೊಂದು.

ಎರಡೂ ಉತ್ತರಗಳು ನನಗೆ ಒಪ್ಪಿಗೆಯಿಲ್ಲ. ಆಲೇಖದಲ್ಲಿ ಕಂಬದ ಎತ್ತರಕ್ಕೆ ಹೇಗೆ ಒಂದು ಅರ್ಥವಿದೆಯೋ ಹಾಗೆಯೇ ಅದರ ಬಣ್ಣಕ್ಕೂ ಅರ್ಥವಿರತಕ್ಕದ್ದು. ಎತ್ತರವನ್ನು ನಾವು ಮನಸ್ಸಿಗೆ ಬಂದಂತೆ ಇಡುವದಿಲ್ಲ. ಅಳತೆಯ ಪ್ರಕಾರ ಇಡುತ್ತೇವೆ. ಬಣ್ಣಕ್ಕೆ ಮಾತ್ರ ಯಾವ ಅಳತೆಯೂ ಬೇಡವೆಂದರೆ ಹೇಗೆ? ಅಂಕಿಯೇ ತನ್ನ ಬಣ್ಣವನ್ನು ತಾನು ಹೊತ್ತು ತರುವಂತೆ ಒಂದು ನೇಮವನ್ನು ಗಣಕಯಂತ್ರಕ್ಕೆ ಬರೆದುಕೊಡಬೇಕು, ಆ ನೇಮವನ್ನು ಆಲೇಖದ ಕೆಳಗೆ ಓದುವವರಿಗೆ ಕಾಣುವಂತೆ ಅಚ್ಚುಹಾಕಬೇಕು ಎಂಬುದೇ ಈ ಲೇಖನದಲ್ಲಿ ನಾನು ಮಂಡಿಸಹೊರಟಿರುವ ವಿಚಾರ.

ಗಜೇಂದ್ರಗಡದಲ್ಲಿ ಮಗ್ಗದ ಸಪ್ಪಳ ಕೇಳುತ್ತ ಬೆಳೆದವರಿಗೆ ಈ ಮಾತು ತೀರ ಹೊಸದೇನೂ ಅಲ್ಲ. ನಮ್ಮೂರಿನ ಹೆಸರಿನೊಂದಿಗೆ ಕೂಡಿಕೊಂಡು ಬಂದ ಪಟ್ಟೆದಂಚಿನ ಸೀರೆಯನ್ನು ನೋಡಿರಿ. ಅದರ ಚೌಕಳಿಯಾಗಲಿ ಅಂಚಾಗಲಿ ನೇಯ್ದಾದ ಮೇಲೆ ಬಳಿದ ಬಣ್ಣವಲ್ಲ. ಹಾಸಿನಲ್ಲಿ ಯಾವ ಬಣ್ಣದ ಎಷ್ಟು ಎಳೆ, ಅದರ ಮಗ್ಗುಲಿಗೆ ಯಾವುದು ಎಷ್ಟು ಎಂಬ ಲೆಕ್ಕವನ್ನು ನೇಕಾರನು ಮೊದಲೇ ಕಟ್ಟಿಕೊಂಡಿರುತ್ತಾನೆ. ಹೊಕ್ಕು ಹೋದ ಹಾಗೆ ಆ ಲೆಕ್ಕವೇ ಚಿತ್ರವಾಗಿ ಹೊರಬೀಳುತ್ತದೆ. ಸೀರೆ ಎಷ್ಟು ಮೊಳ ಬೆಳೆದರೂ ಅಂಚು ಜಾಗ ತಪ್ಪುವದಿಲ್ಲ. ಈ ತರದ ಲೆಕ್ಕವನ್ನೇ ಫ್ರಾನ್ಸಿನ ಜಕ್ವಾರ್ಡನು 1804ರ ಸುಮಾರಿಗೆ ತೂತು ಕೊರೆದ ರಟ್ಟಿನ ಪಟ್ಟಿಗಳಿಗೆ ಒಪ್ಪಿಸಿ, ಯಾವ ಎಳೆ ಏಳಬೇಕು ಯಾವುದು ಇಳಿಯಬೇಕು ಎಂಬುದನ್ನು ಮಗ್ಗವೇ ಓದಿಕೊಳ್ಳುವಂತೆ ಮಾಡಿದನು. ಇಂಗ್ಲೆಂಡಿನ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಆ ಪಟ್ಟಿಗಳನ್ನೇ ಮಾದರಿಯಾಗಿ ಎತ್ತಿಕೊಂಡನೆಂಬುದು ಗಣಕಯಂತ್ರದ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಅಂದಮೇಲೆ ಪ್ರೋಗ್ರಾಂ ಬರೆದು ಬಣ್ಣ ಹಾಕುವದೆಂದರೆ ನಮ್ಮ ಓಣಿಯ ವಿದ್ಯೆಗೆ ದೂರದ ನಂಟಸ್ತಿಕೆಯಾದರೂ ಉಂಟು.

ಈಗ ವಿಷಯಕ್ಕೆ ಬರೋಣ. ಗದಗ ಜಿಲ್ಲೆಗೆ ಇಂದು ಏಳು ತಾಲೂಕುಗಳು. ರೋಣದಿಂದ ಬೇರೆಯಾದ ನಮ್ಮ ಗಜೇಂದ್ರಗಡ, ಹಾಗೆಯೇ ಗದಗ, ರೋಣ, ನರಗುಂದ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. ಒಬ್ಬ ವಿದ್ಯಾರ್ಥಿ ಈ ಏಳರ ಒಂದು ತಿಂಗಳ ಮಳೆಯನ್ನು ಏಳು ಕಂಬಗಳಲ್ಲಿ ತೋರಿಸುತ್ತಾನೆಂದು ಇಟ್ಟುಕೊಳ್ಳಿ. ಮಳೆ ಕಡಿಮೆಯಾದ ಮೂರನೆಯ ಕಂಬದ ಮೇಲೆ ಇಲಿ ಒತ್ತಿ ಕೆಂಪು ಬಣ್ಣ ತುಂಬುತ್ತಾನೆ. ಆ ಕೆಂಪು ಕೂಡ್ರುವದು ತಾಲೂಕಿನ ಮೇಲಲ್ಲ, ಮಳೆಯ ಮೇಲೂ ಅಲ್ಲ, "ಮೂರನೆಯ ಜಾಗ" ಎಂಬುದರ ಮೇಲೆ. ಮರುದಿನ ಅವನು ತಾಲೂಕುಗಳನ್ನು ಅಕ್ಷರಾನುಕ್ರಮದಲ್ಲಿಯೋ ಮಳೆಯ ಏರಿಕೆಯ ಕ್ರಮದಲ್ಲಿಯೋ ಜೋಡಿಸಿದನೆಂದರೆ ಕಂಬಗಳು ಸ್ಥಾನ ಪಲ್ಲಟಗೊಳ್ಳುತ್ತವೆ, ಕೆಂಪು ಮಾತ್ರ ಮೂರನೆಯ ಜಾಗದಲ್ಲಿ ಗಟ್ಟಿಯಾಗಿ ಕೂತೇ ಇರುತ್ತದೆ. ಮಳೆ ಚೆನ್ನಾಗಿ ಆದ ತಾಲೂಕು ಬರಗಾಲದ ವೇಷ ತೊಟ್ಟು ನಿಲ್ಲುತ್ತದೆ. ಪೈಥಾನಿನಲ್ಲಿ ಬಣ್ಣಗಳ ಪಟ್ಟಿಯೊಂದನ್ನು ಕೈಯಿಂದ ಬರೆದು ಕೊಟ್ಟರೂ ಇದೇ ಗತಿ. ಪ್ರೋಗ್ರಾಂ ಬರೆದ ಮಾತ್ರಕ್ಕೆ ಕೈಬಣ್ಣದ ದೋಷ ಹೋಗುವದಿಲ್ಲವೆಂಬುದನ್ನು ನಮ್ಮ ಗಣಕ ಪ್ರಯೋಗಶಾಲೆಯ ಮಿತ್ರರು ಲಕ್ಷ್ಯದಲ್ಲಿಡಬೇಕು.

ಇದಕ್ಕೆ ಮದ್ದೆಂದರೆ ಬಣ್ಣವನ್ನು ಅಂಕಿಗೆ ಕಟ್ಟುವದು. "ಸರಾಸರಿಗಿಂತ ವ್ಯತ್ಯಾಸ ಇಷ್ಟಿದ್ದರೆ ಈ ಬಣ್ಣ, ಅಷ್ಟಿದ್ದರೆ ಆ ಬಣ್ಣ" ಎಂದು ನಾಲ್ಕಾರು ಸಾಲು ಬರೆದು, ಪ್ರತಿಯೊಂದು ಅಂಕಿಯನ್ನೂ ಆ ಸಾಲುಗಳ ಮುಂದೆ ಹಾಯಿಸಿ, ಬಂದ ಬಣ್ಣವನ್ನು ಕಂಬಕ್ಕೆ ಕೊಡುವದು. ಅಂಕಿ ತಿದ್ದಿದರೆ ಬಣ್ಣ ತಾನೇ ತಿದ್ದಿಕೊಳ್ಳುತ್ತದೆ. ಲೇಲಂಡ್ ವಿಲ್ಕಿನ್‌ಸನ್ನರು 1999ರಲ್ಲಿ ಆಲೇಖಗಳ ವ್ಯಾಕರಣವೆಂಬ ಅರ್ಥದ ಹೆಸರಿಟ್ಟು ಒಂದು ಗ್ರಂಥವನ್ನೇ ಬರೆದರು. ಅದರ ದಾರಿಯಲ್ಲಿ ನಡೆದು ಹ್ಯಾಡ್ಲಿ ವಿಕಮ್ಮರು 'ಆರ್' ಭಾಷೆಗೆ ರಚಿಸಿದ ಜಿಜಿಪ್ಲಾಟ್2 ಎಂಬ ಸಾಧನದಲ್ಲಿ ಬಣ್ಣವನ್ನು ಸುಮ್ಮನೆ ಹಚ್ಚುವದು ಬೇರೆ, ಅಂಕಿಯೊಡನೆ ಹೊಂದಿಸುವದು ಬೇರೆ ಎಂಬ ಭೇದವು ಬರೆವಣಿಗೆಯಲ್ಲಿಯೇ ಕಾಣುತ್ತದೆ. ವಿಭಕ್ತಿ ತಪ್ಪಿದರೆ ವಾಕ್ಯ ಕೆಡುವಂತೆ ಅಲ್ಲಿ ಈ ಭೇದ ತಪ್ಪಿದರೆ ಚಿತ್ರ ಕೆಡುತ್ತದೆ.

ನಮ್ಮಲ್ಲಿ ಹೆಚ್ಚಿನವರು ಬಳಸುವದು ಎಕ್ಸೆಲ್ಲಿನ ಕೋಷ್ಟಕ. ಅದರಲ್ಲಿ ಷರತ್ತಿನ ಪ್ರಕಾರ ಮನೆಗಳಿಗೆ ಬಣ್ಣ ಹಾಕುವ ಸೌಕರ್ಯವು 1997ರ ಆವೃತ್ತಿಯಿಂದಲೂ ಇದೆ. ಆದರೆ ಕೋಷ್ಟಕದ ಮನೆಗೆ ಬಂದ ಬಣ್ಣ ಆಲೇಖದ ಕಂಬಕ್ಕೆ ಇಳಿಯುವದಿಲ್ಲ. ಬಲ್ಲವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಒಂದೇ ಅಂಕಣವನ್ನು ವರ್ಗಕ್ಕೊಂದರಂತೆ ನಾಲ್ಕೈದು ಅಂಕಣಗಳಾಗಿ ಒಡೆದು, ಆಯಾ ವರ್ಗಕ್ಕೆ ಸೇರಿದ ಅಂಕಿಯನ್ನು ಮಾತ್ರ ಅಲ್ಲಿ ಬರಿಸಿ, ಉಳಿದ ಮನೆಗಳನ್ನು ಖಾಲಿ ಬಿಟ್ಟು, ಕಂಬಗಳನ್ನು ಒಂದರ ಮೇಲೊಂದು ಪೂರ್ತಿ ಸರಿಸಿಬಿಟ್ಟರೆ ನೋಡುವವನಿಗೆ ಒಂದೇ ಸಾಲಿನ ಕಂಬಗಳು ತಮ್ಮ ತಮ್ಮ ಬಣ್ಣದಲ್ಲಿ ನಿಂತಂತೆ ಕಾಣುತ್ತವೆ. ಪ್ರೋಗ್ರಾಂ ಬಾರದವರೂ ಇಷ್ಟನ್ನು ಮಾಡಬಹುದು. ಅರ್ಧ ತಾಸಿನ ಕೆಲಸ.

ಇಷ್ಟಕ್ಕೇ ಮುಗಿಯುವಂತಿದ್ದರೆ ಈ ಲೇಖನ ಬರೆಯುವ ಕಾರಣವೇ ಇರಲಿಲ್ಲ. ಅಂಕಿಯ ಜೊತೆಗೆ ಬದಲಾಗುವ ಬಣ್ಣವೆಲ್ಲ ಪ್ರಾಮಾಣಿಕ ಬಣ್ಣವೆಂದು ನಂಬಿದರೆ ಕೆಟ್ಟೆವು. ಅದೇ ಕೋಷ್ಟಕದಲ್ಲಿ ಕೆಂಪಿನಿಂದ ಹಳದಿ ಹಾಯ್ದು ಹಸಿರಿಗೆ ಹೋಗುವ ಸಿದ್ಧ ಬಣ್ಣದ ಪಟ್ಟಿಯೊಂದಿದೆ. ನಾವು ಬೇರೆ ಏನೂ ಹೇಳದಿದ್ದರೆ ಅದು ಕೊಟ್ಟ ಅಂಕಿಗಳಲ್ಲಿ ಅತಿ ಸಣ್ಣದಕ್ಕೆ ಕೆಂಪನ್ನೂ ಅತಿ ದೊಡ್ಡದಕ್ಕೆ ಹಸಿರನ್ನೂ ಹಂಚುತ್ತದೆ. ಇದರ ಪರಿಣಾಮ ನೋಡಿರಿ. ಏಳೂ ತಾಲೂಕುಗಳಲ್ಲಿ ಹಳ್ಳಕೊಳ್ಳ ತುಂಬಿ ಹರಿದ ತಿಂಗಳಿನಲ್ಲಿಯೂ ಏಳರಲ್ಲಿ ಒಂದು ತಾಲೂಕು ಕೆಂಪಾಗಲೇಬೇಕು. ಏಳೂ ತಾಲೂಕುಗಳ ಹೊಲ ಬಿರುಕು ಬಿಟ್ಟ ತಿಂಗಳಿನಲ್ಲಿಯೂ ಒಂದು ತಾಲೂಕು ಹಚ್ಚಗೆ ಹಸಿರಾಗಿ ನಗಬೇಕು. ಬಣ್ಣವೇನೋ ತಾನೇ ಬದಲಾಯಿತು. ಆದರೆ ಹೋದ ತಿಂಗಳ ಕೆಂಪಿಗೂ ಈ ತಿಂಗಳ ಕೆಂಪಿಗೂ ಸಂಬಂಧವೇ ಉಳಿಯಲಿಲ್ಲ. ಹನ್ನೆರಡು ತಿಂಗಳ ಹನ್ನೆರಡು ಚಿತ್ರಗಳನ್ನು ಸಾಲಾಗಿ ಅಂಟಿಸಿದರೆ ಅವು ಹನ್ನೆರಡು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡುತ್ತವೆ. ಆದುದರಿಂದ ನೇಮಕ್ಕೆ ಒಂದು ಗೂಟ ಬೇಕು. ಮಳೆಯ ವಿಷಯದಲ್ಲಿ ಆ ಗೂಟವೆಂದರೆ ಬಹುವರ್ಷಗಳ ಸರಾಸರಿ. ಬ್ರಿಟನ್ನಿನ ಎಡ್ ಹಾಕಿನ್ಸರು 2018ರಲ್ಲಿ ಭೂಮಿಯ ತಾಪ ಏರಿದುದನ್ನು ಬರೇ ನೀಲಿ ಕೆಂಪು ಪಟ್ಟಿಗಳಿಂದ ತೋರಿಸಿ ಲೋಕದ ಕಣ್ಣು ಸೆಳೆದರಲ್ಲವೇ? ಅಲ್ಲಿಯೂ ಪ್ರತಿ ವರ್ಷದ ಬಣ್ಣವನ್ನು ಒಂದು ಗೊತ್ತಾದ ಅವಧಿಯ ಸರಾಸರಿಗೆ ಕಟ್ಟಿದ್ದಾರೆ. ಆ ಗೂಟ ಕಿತ್ತರೆ ಪಟ್ಟಿಗಳು ಬರೇ ಜಮಖಾನೆ.

ಮಳೆಗೆ ಇಂಥ ನೇಮವು ನಮ್ಮ ದೇಶದಲ್ಲಿ ಬಳಕೆಯಲ್ಲಿಯೇ ಇದೆ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಸರಾಸರಿಗಿಂತ ಶೇಕಡಾ 60 ಅಥವಾ ಅದಕ್ಕೂ ಹೆಚ್ಚಿದ್ದರೆ ಅತ್ಯಧಿಕ. 20ರಿಂದ 59ರ ತನಕ ಹೆಚ್ಚಿದ್ದರೆ ಅಧಿಕ. 19 ಹೆಚ್ಚಿನಿಂದ 19 ಕಡಿಮೆಯವರೆಗೆ ವಾಡಿಕೆ. 20ರಿಂದ 59 ಕಡಿಮೆಯಾದರೆ ಕೊರತೆ. 60ರಿಂದ 99 ಕಡಿಮೆಯಾದರೆ ತೀವ್ರ ಕೊರತೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಯ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟು ಅಂಕಿ ಕೂಡಿಸುತ್ತದೆ. ಅಂಕಿಗಳಿವೆ, ವರ್ಗಗಳಿವೆ. ನಮ್ಮ ವಿದ್ಯಾರ್ಥಿಯು ಮಾಡಬೇಕಾದುದೆಂದರೆ ಈ ಐದು ವರ್ಗಗಳನ್ನು ಐದು ಸಾಲಿನಲ್ಲಿ ಬರೆದಿಡುವದು. ಬರೆಯಲು ಕೂತಾಗಲೇ ಗೊತ್ತಾಗುವ ಒಂದು ಸಣ್ಣ ಮಾತಿದೆ: 19ಕ್ಕೂ 20ಕ್ಕೂ ನಡುವೆ ಬರುವ ಹತ್ತೊಂಬತ್ತೂವರೆಯನ್ನು ಎಲ್ಲಿ ಹಾಕಬೇಕು? ವರ್ಗಗಳನ್ನು ಪೂರ್ಣಾಂಕದಲ್ಲಿ ಹೇಳಿರುವದರಿಂದ ಅಂಕಿಯನ್ನು ಮೊದಲು ಪೂರ್ಣಾಂಕಕ್ಕೆ ತಂದೇ ಮುಂದುವರಿಯಬೇಕು. ಕೈಯಿಂದ ಬಣ್ಣ ಹಾಕುವವನಿಗೆ ಈ ಪ್ರಶ್ನೆ ಹುಟ್ಟುವದೇ ಇಲ್ಲ. ನೇಮ ಬರೆಯುವವನಿಗೆ ತಪ್ಪುವದೇ ಇಲ್ಲ. ನೇಮದ ಒಂದು ಉಪಕಾರವೆಂದರೆ ಇದೇ.

ಆದರೆ ನೇಮ ಬರೆದವನು ಅದರ ಕಠೋರತೆಯನ್ನೂ ಅರಿತಿರಬೇಕು. 19 ಕಡಿಮೆಯಾದರೆ ವಾಡಿಕೆ, 20 ಕಡಿಮೆಯಾದರೆ ಕೊರತೆ. ಒಂದು ಅಂಕದ ಅಂತರದಲ್ಲಿ ಬಣ್ಣವೇ ಬೇರೆಯಾಗುತ್ತದೆ, ಹೊಲದಲ್ಲಿ ನಿಂತವನಿಗೆ ಆ ಅಂತರ ತಿಳಿಯುವದೂ ಇಲ್ಲ. ಮೇಲಾಗಿ ಗೂಟವೇ ಜಾಗ ಬದಲಿಸುವದುಂಟು. ಇಡೀ ದೇಶದ ಮುಂಗಾರಿನ ಸರಾಸರಿಯನ್ನು ಮೊದಲು 1961ರಿಂದ 2010ರ ಅವಧಿಯ ಮೇಲೆ 880.6 ಮಿಲಿಮೀಟರ್ ಎಂದು ಹಿಡಿದಿದ್ದರು. 2022ರಲ್ಲಿ 1971ರಿಂದ 2020ರ ಅವಧಿಯನ್ನು ಹಿಡಿದು ಅದನ್ನು 868.6 ಮಾಡಿದರು. ಹೊಸ ಅವಧಿಗೆ ಹೊಸ ಸರಾಸರಿ ಇಡುವದು ಶಾಸ್ತ್ರಸಮ್ಮತವೇ. ಆದರೂ ಲೆಕ್ಕ ಹಾಕಿ ನೋಡಿರಿ: ಒಂದು ವರ್ಷ 704 ಮಿಲಿಮೀಟರ್ ಮಳೆ ಬಂದಿತೆಂದುಕೊಂಡರೆ ಹಳೆಯ ಸರಾಸರಿಗೆ ಅದು ಶೇಕಡಾ 20 ಕಡಿಮೆ, ಹೊಸದಕ್ಕೆ 19 ಕಡಿಮೆ. ಮೇಲಿನ ವರ್ಗಗಳನ್ನು ಹಚ್ಚಿದರೆ ಅದೇ ಮಳೆ ಮೊದಲಿನ ಚಿತ್ರದಲ್ಲಿ ಕೊರತೆ, ಎರಡನೆಯದರಲ್ಲಿ ವಾಡಿಕೆ. ಒಂದು ಹನಿಯೂ ಹೆಚ್ಚು ಬೀಳಲಿಲ್ಲ. ಆಲೇಖದ ಕೆಳಗೆ "ಯಾವ ವರ್ಷಗಳ ಸರಾಸರಿ" ಎಂಬ ಒಂದು ಸಾಲು ಇರಲೇಬೇಕೆಂದು ನಾನು ಹಟ ಹಿಡಿಯುವದು ಇದಕ್ಕಾಗಿ.

2023ನೆಯ ಇಸವಿಯ ಮಾತು ನಮ್ಮಲ್ಲಿ ಯಾರೂ ಮರೆತಿರಲಾರರು. ದೇಶದ ಮಟ್ಟದಲ್ಲಿ ಆ ಮುಂಗಾರು ಸರಾಸರಿಯ ಶೇಕಡಾ 94ರಷ್ಟಾಯಿತು. ಒಂದೇ ಕಂಬ ನಿಲ್ಲಿಸಿ ಈ ವರ್ಗಗಳ ನೇಮ ಹಚ್ಚಿದರೆ ಅದಕ್ಕೆ ವಾಡಿಕೆಯ ಹಸಿರೇ ಬರುತ್ತದೆ. ತಿಂಗಳು ತಿಂಗಳಾಗಿ ಒಡೆದರೆ ಜೂನ್ ಶೇಕಡಾ 9 ಕಡಿಮೆ, ಜುಲೈ 13 ಹೆಚ್ಚು, ಆಗಸ್ಟ್ 36 ಕಡಿಮೆ, ಸಪ್ಟೆಂಬರ್ 13 ಹೆಚ್ಚು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಹಸಿರು ಕಂಬದ ಹೊಟ್ಟೆಯಲ್ಲಿ ಅದು ಅಡಗಿ ಕೂತಿತ್ತು. ಕರ್ನಾಟಕದಲ್ಲಿ ಆ ಮುಂಗಾರು ವಾಡಿಕೆಗಿಂತ ಸುಮಾರು ಶೇಕಡಾ 25 ಕಡಿಮೆಯಾಗಿ, ಸರಕಾರವು ಹಂತಹಂತವಾಗಿ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿತು. ನಮ್ಮ ಎರೆಭೂಮಿಯಲ್ಲಿ ಹೆಸರು ಹೂವಾಡಿ ಕಾಯಿ ಕಟ್ಟುವ ವಾರಗಳಲ್ಲಿ ಮಳೆ ಕೈಕೊಟ್ಟರೆ ಮುಂದೆ ಸುರಿದ ಮಳೆ ಆ ಬೆಳೆಗೆ ಬರುವದಿಲ್ಲ. ಅದು ಹಿಂಗಾರಿಯ ಜೋಳಕ್ಕೋ ಕಡಲೆಗೋ ಹಸಿಯಾದೀತು. ಹಂಗಾಮಿನ ಕೂಡಿಸಿದ ಲೆಕ್ಕದಲ್ಲಿ ಮಾತ್ರ ಎರಡೂ ಒಂದೇ ಮಳೆ. ಆದುದರಿಂದ ಯಾವ ಅವಧಿಗೆ ಒಂದು ಕಂಬ ಎಂಬ ನಿರ್ಣಯವು ಬಣ್ಣದ ನಿರ್ಣಯಕ್ಕಿಂತ ಮೊದಲು ಆಗಬೇಕಾದುದು. ಬರದ ಕುರಿತಾದ ಕೇಂದ್ರ ಸರಕಾರದ ಕೈಪಿಡಿಯೂ ಮಳೆಯೊಂದನ್ನೇ ನೆಚ್ಚದೆ ಬಿತ್ತನೆಯ ಕ್ಷೇತ್ರ, ಮಣ್ಣಿನ ಹಸಿ, ಪೈರಿನ ಹಸಿರನ್ನು ಉಪಗ್ರಹದಿಂದ ಅಳೆದ ಸೂಚ್ಯಂಕ ಇವುಗಳನ್ನೆಲ್ಲ ನೋಡಿ, ಕೊನೆಗೆ ಹೊಲಕ್ಕೆ ಹೋಗಿ ಕಣ್ಣಾರೆ ಪರೀಕ್ಷಿಸಲು ಹೇಳುತ್ತದೆ.

ಬಣ್ಣಗಳ ಆಯ್ಕೆಯ ಬಗ್ಗೆಯೂ ಎರಡು ಮಾತು. ಹವಾಮಾನ ಇಲಾಖೆಯ ಮಳೆಯ ನಕ್ಷೆಗಳನ್ನು ನಾನು ನೋಡುತ್ತ ಬಂದ ಮಟ್ಟಿಗೆ ಕೊರತೆಗೆ ಕೆಂಪು, ತೀವ್ರ ಕೊರತೆಗೆ ಹಳದಿ. ನೇಮವುಂಟು, ಬದ್ಧತೆಯೂ ಉಂಟು. ಆದರೆ ಸೂಚಿಯನ್ನು ಓದದೆ ನಕ್ಷೆ ನೋಡಿದ ಸಾಮಾನ್ಯ ಮನುಷ್ಯನು ಕೆಂಪನ್ನೇ ಹೆಚ್ಚು ಕೆಡುಕೆಂದು ತಿಳಿದು, ಹಳದಿ ಜಿಲ್ಲೆಯವರು ಅಷ್ಟರಮಟ್ಟಿಗೆ ಸುಖಿಗಳೆಂದುಕೊಂಡಾನು. ಕಡಿಮೆಯಿಂದ ಹೆಚ್ಚಿಗೆ ಹೋಗುವ ಅಂಕಿಗೆ ತಿಳಿಯಿಂದ ಗಾಢಕ್ಕೆ ಹೋಗುವ ಬಣ್ಣವೇ ತಕ್ಕುದು. ಸರಾಸರಿಯ ಎರಡೂ ಮಗ್ಗುಲಿಗೆ ಹೋಗುವ ಅಂಕಿಗಾದರೆ ನಡುವೆ ತಿಳಿ ಬಣ್ಣ, ಒಂದು ಕಡೆ ಕಂದು, ಇನ್ನೊಂದು ಕಡೆ ನೀಲಿಹಸಿರು ಗಾಢವಾಗುತ್ತ ಹೋಗಬೇಕು. ಅಮೆರಿಕೆಯ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಿಂಥಿಯಾ ಬ್ರೂವರ್ ಎಂಬ ಭೂಗೋಳಜ್ಞೆಯು ನಕ್ಷೆಗಳಿಗಾಗಿ ಇಂಥ ಬಣ್ಣದ ಪಟ್ಟಿಗಳನ್ನು ಸಿದ್ಧಪಡಿಸಿ ಎಲ್ಲರಿಗೂ ಕೊಟ್ಟಿದ್ದಾರೆ. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಾಧನವು ಕಾಮನಬಿಲ್ಲಿನಂಥ ತನ್ನ ಹಳೆಯ ಬಣ್ಣಪಟ್ಟಿಯನ್ನು 2017ರಲ್ಲಿ ಹೊರಬಂದ ಆವೃತ್ತಿಯಲ್ಲಿ ಬದಿಗಿಟ್ಟು ವಿರಿಡಿಸ್ ಎಂಬುದನ್ನು ತಂದದ್ದಕ್ಕೂ ಇದೇ ಕಾರಣ. ಕಾಮನಬಿಲ್ಲಿನಲ್ಲಿ ಅಂಕಿಯಲ್ಲಿಲ್ಲದ ಗಡಿಗಳು ಕಣ್ಣಿಗೆ ಕಾಣುತ್ತಿದ್ದವು. ವಿರಿಡಿಸ್‌ನಲ್ಲಿ ಬೆಳಕು ಒಂದೇ ಸಮನೆ ಏರುತ್ತ ಹೋಗುತ್ತದೆ. ಕೆಂಪು ಹಸಿರಿನ ಭೇದ ತಿಳಿಯದ ಕಣ್ಣಿನವರು ಗಂಡಸರಲ್ಲಿ ಹೆಂಗಸರಿಗಿಂತ ಬಹಳ ಹೆಚ್ಚು. ಅರವತ್ತು ಹುಡುಗರ ವರ್ಗದಲ್ಲಿ ಅಂಥ ಒಬ್ಬಿಬ್ಬರು ಇರಬಹುದೆಂದು ಎಣಿಸಿಯೇ ಬಣ್ಣ ಆರಿಸಬೇಕು.

ಇನ್ನು ಈ ನಮ್ಮ ವಾರ್ಷಿಕ ಸಂಚಿಕೆಯ ಸಂಗತಿ. ಇದರ ಒಳಪುಟಗಳು ಕಪ್ಪು ಮಸಿಯಲ್ಲಿಯೇ ಅಚ್ಚಾಗುತ್ತವೆ. ಕೆಂಪೂ ಹಸಿರೂ ಇಲ್ಲಿಗೆ ಬರುವಷ್ಟರಲ್ಲಿ ಒಂದೇ ಬೂದಿಯ ಬಣ್ಣ ಹೊಂದಿರುತ್ತವೆ. ನೇಮ ಬರೆದಿಟ್ಟವನಿಗೆ ಇಲ್ಲಿಯೂ ಅಳುಕಿಲ್ಲ: "ಕೊರತೆಗೆ ಕೆಂಪು" ಎಂಬಲ್ಲಿ "ಕೊರತೆಗೆ ಓರೆಗೆರೆ, ತೀವ್ರ ಕೊರತೆಗೆ ಅಡ್ಡಡ್ಡ ಹೆಣೆದ ಗೆರೆ" ಎಂದು ಎರಡು ಶಬ್ದ ತಿದ್ದಿದರೆ ಚಿತ್ರವಷ್ಟೂ ಬದಲಾಗಿ ನಿಲ್ಲುತ್ತದೆ. ಕೈಯಿಂದ ಬಳಿದವನು ಮತ್ತೆ ಒಂದೊಂದು ಕಂಬವನ್ನೂ ಮುಟ್ಟಬೇಕು.

ನನ್ನ ವಿಚಾರಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಬಣ್ಣದಲ್ಲಿ ಏನಿದೆ, ಅಂಕಿ ಸರಿಯಿದ್ದರಾಯಿತು ಎನ್ನುವ ಹಿರಿಯರಿದ್ದಾರೆ. ಅಂಕಿಯೊಂದನ್ನೇ ಓದುವವರಿಗೆ ಕೋಷ್ಟಕ ಸಾಕಿತ್ತು. ವಿಲಿಯಮ್ ಪ್ಲೇಫೇರನು 1786ರಲ್ಲಿ ವ್ಯಾಪಾರದ ಅಂಕಿಗಳನ್ನು ಗೆರೆ ಕಂಬಗಳಾಗಿ ಬರೆದು ಪುಸ್ತಕ ಮಾಡಿದ್ದು ಕೋಷ್ಟಕ ಓದುವ ವ್ಯವಧಾನವಿಲ್ಲದವರಿಗಾಗಿ. ಅಂಥವರು ಮೊದಲು ನೋಡುವದೇ ಬಣ್ಣವನ್ನು. ತಾಲೂಕು ಕಚೇರಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅವಸರದಲ್ಲಿ ಪುಟ ಮಗುಚುವ ಅಧಿಕಾರಿ ಯಾವ ತಾಲೂಕಿನ ಮುಂದೆ ನಿಲ್ಲುತ್ತಾನೆಂಬುದು ಬಹಳಷ್ಟು ಮಟ್ಟಿಗೆ ಬಣ್ಣದ ಕೈಯಲ್ಲಿದೆ. ಇನ್ನು ಕೆಲವು ಮಿತ್ರರು, ಎಲ್ಲಕ್ಕೂ ನೇಮವೆಂದರೆ ನಮ್ಮ ರಸಿಕತೆಗೆ ಜಾಗವೆಲ್ಲಿ ಎನ್ನುತ್ತಾರೆ. ಜಾಗ ಬೇಕಾದಷ್ಟಿದೆ. ಯಾವ ಕಂದು, ಎಂಥ ನೀಲಿ, ಗೆರೆ ಎಷ್ಟು ತೆಳುವು, ಹೆಸರನ್ನು ಕಂಬದ ಮೇಲೆ ಬರೆಯಬೇಕೋ ಕೆಳಗೋ ಇವೆಲ್ಲ ಅವರ ರುಚಿಗೇ ಬಿಟ್ಟದ್ದು. ಪಟ್ಟೆದಂಚಿನ ನೇಕಾರನ ರಸಿಕತೆ ಎಳೆ ಎಣಿಸಿದ್ದರಿಂದ ಕುಂದಿದ್ದನ್ನು ನಾನು ಕಂಡಿಲ್ಲ.

ನನಗೆ ಸಲ್ಲುವ ಒಂದೇ ಆಕ್ಷೇಪವೆಂದರೆ ಕನ್ನಡದ್ದು. ಚಿತ್ರ ತೆಗೆಯುವ ಕೆಲವು ತಂತ್ರಾಂಶಗಳು ನಮ್ಮ ಲಿಪಿಯ ಒತ್ತಕ್ಷರಗಳನ್ನು ಕೂಡಿಸಲಾರದೆ ಬಿಡಿಬಿಡಿಯಾಗಿ ಚೆಲ್ಲಿಬಿಡುತ್ತವೆ. "ನರಗುಂದ" ಸರಿಯಾಗಿ ಬಂದರೆ "ಗಜೇಂದ್ರಗಡ" ಒಡೆದು ಬರುತ್ತದೆ, "ಲಕ್ಷ್ಮೇಶ್ವರ"ದ ಗತಿ ಹೇಳಲೇ ಬಾರದು. ಇದಕ್ಕೆ ಹೆದರಿ ವಿದ್ಯಾರ್ಥಿಗಳು ಹೆಸರುಗಳನ್ನು ಇಂಗ್ಲಿಷಿನಲ್ಲಿ ಹಾಕುತ್ತಾರೆ, ಇಲ್ಲವೇ ಕೈಯಿಂದ ಬರೆಯುತ್ತಾರೆ. ಹಾಗೆ ಮಾಡದೆ ಚಿತ್ರವನ್ನು ಎಸ್‌ವಿಜಿ ಎಂಬ ರೂಪದಲ್ಲಿ ಅಕ್ಷರಗಳನ್ನು ಅಕ್ಷರಗಳಾಗಿಯೇ ಉಳಿಸಿ ಹೊರತೆಗೆದು, ಕನ್ನಡ ಬಲ್ಲ ಬ್ರೌಸರಿನಲ್ಲಿ ತೆರೆದರೆ ಊರ ಹೆಸರು ಸರಿಯಾಗಿ ಕೂಡಿಕೊಳ್ಳುತ್ತದೆ. ಅಲ್ಲಿಂದಲೇ ಅಚ್ಚಿಗೆ ಕಳಿಸಬಹುದು.

ಮುಂದಿನ ವರ್ಷದ ಸಂಪಾದಕ ಮಂಡಳಿಗೆ ನನ್ನದೊಂದು ವಿನಂತಿ. ಆಲೇಖವಿರುವ ಲೇಖನ ಬಂದಾಗ ಬಣ್ಣದ ಅಥವಾ ಗೆರೆಯ ನೇಮ, ಸರಾಸರಿಯ ವರ್ಷಗಳು, ಅಂಕಿ ಸಿಕ್ಕ ಸ್ಥಳ ಇವಿಷ್ಟು ಚಿತ್ರದ ಕೆಳಗೆ ಇವೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಬರೆದವರಿಗೇ ಮರಳಿಸಬೇಕು. ಎರಡು ಸಾಲಿನ ಜಾಗ ಬೇಕಾಗುತ್ತದೆ. ಜಾಗ ಸಾಲದೆ ಹೋದರೆ ವೃತ್ತಾಲೇಖವೊಂದನ್ನು ತೆಗೆದುಹಾಕಲು ನನ್ನ ಅಡ್ಡಿಯಿಲ್ಲ.